ಹತ್ತು ವರ್ಷ ತಡೀರಿ ಅಂದ ಜಡ್ಜು

ಕೆನಡಾದ ಕ್ಯಾಲ್ಗರಿಯಲ್ಲಿರುವ ಟೀಮಿನ ಜತೆ ನಮಗೆ ವಾರಕ್ಕೆರಡು ಕಾಲ್ ಇರುತ್ತೆ. ಅವರಿಗೆ ಬೆಳಿಗ್ಗೆ, ನಮಗೆ ಊಟ ಆಗಿ ಕಣ್ಣೆಳೆಯುವ ಹೊತ್ತು. ತಿಂಗಳಿಗೊಮ್ಮೆ ಎಲ್ಲರೂ ಸೇರುವ ದೊಡ್ಡ ಮೀಟಿಂಗಿನ ಮೊದಲು ಅವರಲ್ಲೊಬ್ಬರು ಒಂದು ಸಣ್ಣ ಹೇಳಿಕೆ ಓದುತ್ತಾರೆ. ನಾವು ಕೂತಿರುವ ಈ ಜಾಗ ಏಳನೇ ಒಪ್ಪಂದದ ನೆಲ, ಬ್ಲ್ಯಾಕ್‌ಫುಟ್, ಸೂಟಿನಾ, ಸ್ಟೋನಿ ನಕೋಡ ಜನರು ತಲೆತಲಾಂತರದಿಂದ ಬಾಳಿದ ನೆಲ, ಅದನ್ನು ನೆನೆದು ಸಭೆ ಶುರು ಮಾಡುತ್ತೇವೆ ಅಂತ. ಮೊದಲ ಸಲ ಕೇಳಿದಾಗ ಮ್ಯೂಟಲ್ಲಿ ನಕ್ಕಿದ್ದೆ. ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪದಲ್ಲಿ ದ್ವೀಪ, ಖಂಡ, ನದಿಯ ಯಾವ ದಡ ಅಂತ ಪೂರ್ತಿ ಅಡ್ರೆಸ್ ಹೇಳ್ತಾರಲ್ಲ, ಥೇಟ್ ಹಾಗೇ ಇದೆ ಅನ್ನಿಸಿತ್ತು. ಆಮೇಲೆ ಹೊಳೆಯಿತು, ನಮ್ಮ ಸಂಕಲ್ಪದಲ್ಲಿ ಆ ನೆಲ ಯಾರದ್ದು ಅನ್ನುವ ಮಾತೇ ಬರೋದಿಲ್ಲ.

ಕ್ಯಾಲ್ಗರಿ ಎಣ್ಣೆ ಮತ್ತು ಗ್ಯಾಸ್ ಕಂಪನಿಗಳ ಊರು. ಕೆನಡಾದ ದೊಡ್ಡ ದೊಡ್ಡ ಪೈಪ್‌ಲೈನ್‌ಗಳ ಲೆಕ್ಕಪತ್ರ ಇರುವುದು ಅಲ್ಲೇ. ಅಂಥ ಊರಿನವರು ಬೆಳಿಗ್ಗೆ ಎದ್ದು ‘ಈ ನೆಲ ಇಂಥವರದ್ದು’ ಅಂತ ಓದುವ ಹಾಗೆ ಆಗಿದ್ದು ಹೇಗೆ ಅಂತ ಹುಡುಕುತ್ತಾ ಹೋದೆ. ಕಾರಣಗಳು ಹತ್ತಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಂದು ಗ್ಯಾಸ್ ಪೈಪ್‌ಲೈನ್, ಅದೂ ಕಟ್ಟದೇ ಉಳಿದ ಪೈಪ್‌ಲೈನ್.

ಕೆನಡಾ ನಕ್ಷೆಯಲ್ಲಿ ಎಡಗಡೆ ಮೇಲಕ್ಕೆ ನೋಡಿದರೆ ಮೆಕೆಂಜಿ ಅನ್ನುವ ನದಿ ಕಾಣುತ್ತೆ. ಸಾವಿರದ ಏಳುನೂರು ಕಿಲೋಮೀಟರಿಗೂ ಉದ್ದ, ಉತ್ತರಕ್ಕೆ ಹರಿದು ಹಿಮದ ಸಮುದ್ರ ಸೇರುತ್ತೆ. ಅದರ ದಡದ ಡೆನೆ ಜನ ಅದನ್ನು ಡೆಹ್ಚೊ, ಅಂದರೆ ದೊಡ್ಡ ಹೊಳೆ ಅಂತಾರೆ. 1968ರಲ್ಲಿ ಪಕ್ಕದ ಅಲಾಸ್ಕಾದ ಪ್ರೂಡೋ ಬೇ ಎಂಬಲ್ಲಿ ಭಾರೀ ಎಣ್ಣೆ, ಗ್ಯಾಸು ಸಿಕ್ಕಿತು. ಬೆನ್ನಿಗೇ ಮೆಕೆಂಜಿ ನದಿಯ ಮುಖಜ ಭೂಮಿಯಲ್ಲೂ ಗ್ಯಾಸ್ ಸಿಕ್ಕಿತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಎಲ್ಲರಿಗೂ ಉತ್ತರದ ಗ್ಯಾಸ್ ಮೇಲೆ ಕಣ್ಣು. 1974ರಲ್ಲಿ ಕೆನಡಿಯನ್ ಆರ್ಕ್ಟಿಕ್ ಗ್ಯಾಸ್ ಎಂಬ ಒಕ್ಕೂಟ (ಒಂದು ಹಂತದಲ್ಲಿ ಇದರಲ್ಲಿ 27 ಕಂಪನಿಗಳಿದ್ದವು) ಸರ್ಕಾರಕ್ಕೆ ಅರ್ಜಿ ಹಾಕಿತು. ಪ್ರೂಡೋ ಬೇಯಿಂದ ಯುಕಾನ್ ಪ್ರಾಂತ್ಯದ ಕರಾವಳಿ ಹಾದು, ಮೆಕೆಂಜಿ ಕಣಿವೆಗುಂಟ ಇಳಿದು ದಕ್ಷಿಣಕ್ಕೆ ಬರುವ 48 ಇಂಚು ವ್ಯಾಸದ ಪೈಪು. ಮಕ್ಕಳು ಬಗ್ಗಿಕೊಂಡು ಒಳಗೆ ಓಡಾಡಬಹುದು, ಅಷ್ಟು ದೊಡ್ಡದು.

ಆಗಿನ ಪ್ರಧಾನಿ ಪಿಯರ್ ಟ್ರುಡೋ. ಬಹುಮತ ಇಲ್ಲದ, ಎಡಪಂಥದ ಎನ್‌ಡಿಪಿಯ ಬೆಂಬಲದ ಮೇಲೆ ನಿಂತ ಸರ್ಕಾರ. ಪೈಪ್‌ಲೈನ್‌ನಿಂದ ಉತ್ತರದ ಜನಜೀವನದ ಮೇಲೆ, ಪರಿಸರದ ಮೇಲೆ ಏನು ಪರಿಣಾಮ ಆಗುತ್ತೆ ಅಂತ ನೋಡಲು ಒಂದು ತನಿಖಾ ಆಯೋಗ ಬೇಕು ಅಂತಾಯ್ತು. 1974ರ ಮಾರ್ಚ್‌ನಲ್ಲಿ ಅದಕ್ಕೆ ನೇಮಕವಾದವರು ಬ್ರಿಟಿಷ್ ಕೊಲಂಬಿಯಾದ ಜಡ್ಜ್ ಥಾಮಸ್ ಬರ್ಜರ್. ಆಗ ಅವರಿಗೆ ನಲವತ್ತು, ನಲವತ್ತೊಂದು ವಯಸ್ಸು.

ಈ ಬರ್ಜರ್ ಯಾರು ಅನ್ನೋದು ಮುಖ್ಯ. ಜಡ್ಜ್ ಆಗುವ ಮೊದಲು ವಕೀಲರಾಗಿ ಅವರು ನಿಸ್ಗಾ ಜನರ ಪರ ಕೇಸು ನಡೆಸಿದ್ದರು. ನಿಸ್ಗಾ ಅಂದರೆ ಬ್ರಿಟಿಷ್ ಕೊಲಂಬಿಯಾದ ನಾಸ್ ನದಿ ಕಣಿವೆಯ ಮೂಲನಿವಾಸಿಗಳು. ಅವರ ಹಿರಿಯರು 1887ರಲ್ಲೇ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ ‘ನಮ್ಮ ನೆಲದ ಬಗ್ಗೆ ಮಾತಾಡೋಣ’ ಅಂದಿದ್ದರು, ಬರಿಗೈಲಿ ವಾಪಸ್ ಬಂದಿದ್ದರು. 1927ರಿಂದ 1951ರ ತನಕ ಕೆನಡಾದಲ್ಲಿ ಎಂಥ ಕಾನೂನಿತ್ತು ಅಂದರೆ, ನೆಲದ ಹಕ್ಕಿನ ದಾವೆ ಹೂಡಲಿಕ್ಕೆ ಮೂಲನಿವಾಸಿಗಳಿಂದ ಚಂದಾ ಎತ್ತುವುದೇ ಅಪರಾಧ. ವಕೀಲರಿಗೆ ಫೀಸ್ ಕೊಡೋ ಹಾಗಿಲ್ಲ. ಆ ಕಾನೂನು ಹೋದ ಮೇಲೆ ಫ್ರಾಂಕ್ ಕಾಲ್ಡರ್ ಎಂಬ ನಿಸ್ಗಾ ನಾಯಕ ದಾವೆ ಹೂಡಿದರು. 1973ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಏಳರಲ್ಲಿ ಆರು ನ್ಯಾಯಮೂರ್ತಿಗಳು, ಬಿಳಿಯರು ಬರುವ ಮೊದಲು ಇವರಿಗೆ ನೆಲದ ಹಕ್ಕಿತ್ತು ಅಂತ ಒಪ್ಪಿಕೊಂಡರು. ಆ ಹಕ್ಕು ಈಗಲೂ ಇದೆಯಾ ಅನ್ನುವುದರಲ್ಲಿ ಮೂರು-ಮೂರು. ಏಳನೆಯವರು ತಾಂತ್ರಿಕ ಕಾರಣ ಹೇಳಿದ್ದರಿಂದ ಕೇಸು ಸೋತಿತು. ಆದರೆ ಸೋತ ಆ ಕೇಸಿನಿಂದಲೇ ಸರ್ಕಾರ ನೆಲದ ಹಕ್ಕಿನ ಮಾತುಕತೆಗೆ ಕೂರಬೇಕಾಯಿತು.

ಅಂಥ ವಕೀಲ ಈಗ ಜಡ್ಜು. ಕಂಪನಿಗಳಿಗೆ ಹೊಟ್ಟೆ ತಳಮಳ ಆಗಿರಬೇಕು.

ಬರ್ಜರ್ ಮಾಡಿದ ಮೊದಲ ಕೆಲಸ, ಅವಸರ ಮಾಡದೇ ಇದ್ದಿದ್ದು. ಎರಡು ಥರದ ವಿಚಾರಣೆ ಇಟ್ಟುಕೊಂಡರು. ಒಂದು ಯೆಲ್ಲೋನೈಫ್ ಪಟ್ಟಣದಲ್ಲಿ, ವಕೀಲರು, ಎಂಜಿನಿಯರುಗಳು, ವಿಜ್ಞಾನಿಗಳು ಕೂತು ಪಾಟೀಸವಾಲು ಮಾಡುವ ವಿಚಾರಣೆ. ಅದರಲ್ಲಿ ಸುಮಾರು 300 ಪರಿಣತರು ಸಾಕ್ಷಿ ಹೇಳಿದರು. ಇನ್ನೊಂದು ಹಳ್ಳಿ ಹಳ್ಳಿಗೆ ಹೋಗಿ ಮಾಡುವ ವಿಚಾರಣೆ. 35 ಊರುಗಳು. ದಿಮ್ಮಿಯ ಹಾಲುಗಳಲ್ಲಿ, ಮೀನು ಹಿಡಿಯುವವರ ಬಿಡಾರಗಳಲ್ಲಿ, ಜಡ್ಜು ಕುರ್ಚಿ ಹಾಕಿಕೊಂಡು ಕೂರೋರು. ಮಾತಾಡಬೇಕು ಅಂದವರೆಲ್ಲ ಮಾತಾಡಿ ಮುಗಿಯುವ ತನಕ ಏಳುತ್ತಿರಲಿಲ್ಲ. ಸುಮಾರು ಒಂದು ಸಾವಿರ ಜನ ಮಾತಾಡಿದರು, ಬಹಳಷ್ಟು ಮಂದಿ ತಮ್ಮ ತಮ್ಮ ಭಾಷೆಯಲ್ಲೇ. ದಿನದ ವಿಚಾರಣೆಯ ಸಾರವನ್ನು ಸಿಬಿಸಿ ರೇಡಿಯೋ ಇಂಗ್ಲಿಷಿನ ಜತೆಗೆ ಅಲ್ಲಿನ ಭಾಷೆಗಳಲ್ಲೂ ಬಿತ್ತರಿಸುತ್ತಿತ್ತು. ಹಾಗಾಗಿ ನೂರಾರು ಮೈಲಿ ದೂರದ ಊರಿನವರು ಏನಂದರು ಅಂತ ಕೇಳಿಸಿಕೊಂಡೇ ಮುಂದಿನ ಊರಿನವರು ಮಾತಿಗೆ ನಿಲ್ಲುತ್ತಿದ್ದರು. ಮೂಲನಿವಾಸಿ ಸಂಘಟನೆಗಳು ವಕೀಲರನ್ನು, ತಜ್ಞರನ್ನು ಇಟ್ಟುಕೊಳ್ಳಲಿ ಅಂತ ಸರ್ಕಾರದ ದುಡ್ಡನ್ನೂ ಕೊಡಿಸಿದರು. ಇಪ್ಪತ್ತೈದು ವರ್ಷದ ಹಿಂದೆ ಯಾವುದು ಅಪರಾಧವಾಗಿತ್ತೋ ಅದಕ್ಕೇ ಈಗ ಸರ್ಕಾರಿ ಖಜಾನೆಯಿಂದ ದುಡ್ಡು.

ಹಳ್ಳಿಯವರು ಏನು ಹೇಳಿದರು? ಬೇಟೆಯ ದಾರಿ ಹೇಳಿದರು. ಮೀನು ಯಾವ ತಿಂಗಳು ಎಲ್ಲಿ ಸಿಗುತ್ತೆ, ಯಾವ ತಾತ ಎಲ್ಲಿ ಮಣ್ಣಾದ ಅಂತ ಹೇಳಿದರು. ನಕ್ಷೆ ಬಿಡಿಸಿ ತೋರಿಸಿದರು. 1921ರಲ್ಲಿ ಆದ ಹನ್ನೊಂದನೇ ಒಪ್ಪಂದದಲ್ಲಿ ಡೆನೆ ಜನ ನೆಲ ಬಿಟ್ಟುಕೊಟ್ಟಿದ್ದಾರೆ ಅನ್ನೋದು ಸರ್ಕಾರದ ವಾದ. ಅದು ನೆಲದ ಕ್ರಯಪತ್ರ ಅಲ್ಲ, ಸ್ನೇಹದ ಮಾತು ಅನ್ನೋದು ಹಿರಿಯರ ನೆನಪು. 1975ರ ಆಗಸ್ಟಿನಲ್ಲಿ ಫೋರ್ಟ್ ಗುಡ್ ಹೋಪ್ ಎಂಬ ಊರಲ್ಲಿ ಅಲ್ಲಿನ ಎಳೆಯ ಮುಖ್ಯಸ್ಥ ಫ್ರಾಂಕ್ ಟಿಸೆಲಿ ಎದ್ದು ನಿಂತರು. ಎದುರಿಗೆ ಫುಟ್‌ಹಿಲ್ಸ್ ಎಂಬ ಪ್ರತಿಸ್ಪರ್ಧಿ ಪೈಪ್‌ಲೈನ್ ಕಂಪನಿಯ ಅಧ್ಯಕ್ಷ ಬಾಬ್ ಬ್ಲೇರ್ ಖುದ್ದು ಕೂತಿದ್ದರು. ಟಿಸೆಲಿ ಅವರನ್ನೇ ನೋಡಿಕೊಂಡು, ನೀವು ನಮ್ಮ ಕಾಲದ ಜನರಲ್ ಕಸ್ಟರ್ ಅಂದುಬಿಟ್ಟರು. ಕಸ್ಟರ್ ಅಂದರೆ ನೂರು ವರ್ಷದ ಹಿಂದೆ ಮೂಲನಿವಾಸಿಗಳ ಮೇಲೆ ದಂಡೆತ್ತಿ ಹೋದ ಅಮೆರಿಕದ ಸೇನಾಧಿಕಾರಿ. ಈ ಪೈಪ್‌ಲೈನ್ ತಡೆಯಲು ಪ್ರಾಣ ಕೊಡಲೂ ಸಿದ್ಧ ಅಂತಲೂ ಹೇಳಿದರು. ಇದರ ಫಿಲ್ಮು ಇದೆ, ಈಗಲೂ ನೋಡಿದರೆ ಮೈ ಜುಮ್ ಅನ್ನುತ್ತೆ.

ಎಂಜಿನಿಯರುಗಳ ವಿಚಾರಣೆಯಲ್ಲಿ ನನಗೆ ಇಷ್ಟವಾದ ಒಂದು ಪ್ರಸಂಗವಿದೆ. ಉತ್ತರದ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತೆ. ಬಿಸಿ ಪೈಪು ಹೂತರೆ ನೆಲ ಕರಗಿ ಕೆಸರಾಗಿ ಪೈಪು ಕುಸಿಯುತ್ತೆ. ಅದಕ್ಕೆ ಕಂಪನಿಯವರು ಗ್ಯಾಸನ್ನೇ ಸೊನ್ನೆ ಡಿಗ್ರಿಗಿಂತ ಕೆಳಗೆ ತಣಿಸಿ ಹರಿಸುವ ಪ್ಲಾನ್ ಮಾಡಿದ್ದರು. ಬುದ್ಧಿವಂತಿಕೆಯೇ. ಆದರೆ ದಕ್ಷಿಣಕ್ಕೆ ಬಂದಂತೆ ನೆಲ ಅಲ್ಲಲ್ಲಿ ಮಾತ್ರ ಹೆಪ್ಪುಗಟ್ಟಿರುತ್ತೆ, ನಡುನಡುವೆ ಸಾದಾ ಒದ್ದೆ ಮಣ್ಣು. ತಣ್ಣನೆಯ ಪೈಪು ಆ ಮಣ್ಣಿನ ನೀರನ್ನು ಹೆಪ್ಪುಗಟ್ಟಿಸುತ್ತೆ, ಮಂಜುಗಡ್ಡೆ ಬೆಳೆದು ಪೈಪನ್ನು ಮೇಲಕ್ಕೆ ದೂಡುತ್ತೆ. ಎಷ್ಟು ದೂಡುತ್ತೆ, ಅದನ್ನು ಹೇಗೆ ತಡೆಯೋದು ಅಂತ ಕಂಪನಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಲೆಕ್ಕ ಕೊಟ್ಟಿತ್ತು. ವಿಚಾರಣೆ ಮುಗಿಯುವ ಹೊತ್ತಿಗೆ ಗೊತ್ತಾಯಿತು, ಪರೀಕ್ಷೆಯ ಉಪಕರಣದಲ್ಲೇ ದೋಷವಿತ್ತು, ಲೆಕ್ಕ ತಪ್ಪು. ಪ್ರೊಡಕ್ಷನ್‌ಗೆ ಹೋಗುವ ಹಿಂದಿನ ದಿನ ಟೆಸ್ಟ್ ಎನ್ವಿರಾನ್‌ಮೆಂಟೇ ಸರಿ ಇರಲಿಲ್ಲ ಅಂತ ಗೊತ್ತಾದ ಹಾಗೆ. ನಮ್ಮ ಕ್ಷೇತ್ರದವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಬರ್ಜರ್ ವರದಿ 1977ರ ಮೇ 9ರಂದು ಹೊರಬಂತು. ಹೆಸರು ‘ನಾರ್ದರ್ನ್ ಫ್ರಂಟಿಯರ್, ನಾರ್ದರ್ನ್ ಹೋಮ್‌ಲ್ಯಾಂಡ್’. ದಕ್ಷಿಣದವರಿಗೆ ಅದು ಗಡಿನಾಡು, ಅಲ್ಲಿರುವವರಿಗೆ ತಾಯ್ನೆಲ ಅಂತ ಹೆಸರಿನಲ್ಲೇ ಇದೆ. ಉತ್ತರ ಯುಕಾನ್‌ನಲ್ಲಿ ಕ್ಯಾರಿಬೂ ಜಿಂಕೆಗಳ ದೊಡ್ಡ ಹಿಂಡು ಮರಿ ಹಾಕುವ ಬಯಲಿದೆ, ಅಲ್ಲಿ ಪೈಪ್‌ಲೈನ್ ಎಂದೆಂದಿಗೂ ಬೇಡ. ಮೆಕೆಂಜಿ ಕಣಿವೆಯಲ್ಲಿ ಹಾಕಬಹುದು, ಆದರೆ ಹತ್ತು ವರ್ಷ ತಡೀರಿ. ಅಷ್ಟರಲ್ಲಿ ಮೂಲನಿವಾಸಿಗಳ ನೆಲದ ಹಕ್ಕು ಇತ್ಯರ್ಥ ಮಾಡಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಓಡಾಡುತ್ತೆ. ಬರ್ಜರ್ ಪೈಪ್‌ಲೈನ್ ವಿರೋಧಿ, ಅಭಿವೃದ್ಧಿ ವಿರೋಧಿ ಅಂತ. ವರದಿ ಓದಿದರೆ ಹಾಗೇನೂ ಇಲ್ಲ. ಅವರ ಮಾತು ಸರಳ. ಮೊದಲು ಯಜಮಾನ ಯಾರು ಅಂತ ತೀರ್ಮಾನ ಆಗಲಿ, ಆಮೇಲೆ ವ್ಯಾಪಾರ ಮಾತಾಡಿ. ಪಾಲು ಆಗದ ಆಸ್ತಿಯಲ್ಲಿ ಯಾರೋ ಬಂದು ಬೋರ್‌ವೆಲ್ ಕೊರೆಸಿದರೆ ಏನಾಗುತ್ತೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು.

ಅದನ್ನು ಓದುವಾಗ ನಮ್ಮ ಹೊಲ ನೆನಪಾಗದೇ ಇರಲಿಲ್ಲ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಗ್ಯಾಸ್ ಲೈನ್ 2013ರಲ್ಲಿ ಶುರುವಾಯಿತು. ಅದು ನಮ್ಮೂರ ಹೊಲಗಳ ಅಡಿಯಲ್ಲಿ ಹಾದು ಹೋಗಿದೆ. ಬದುವಿನ ಮೇಲೆ ಹಳದಿ ಬಣ್ಣದ ಗುರುತಿನ ಕಂಬಗಳಿವೆ. ನಮ್ಮಲ್ಲಿ ಇದಕ್ಕೆ 1962ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ನೆಲ ನಮ್ಮದೇ, ಪಹಣಿಯಲ್ಲಿ ಹೆಸರು ನಮ್ಮದೇ. ‘ಬಳಕೆಯ ಹಕ್ಕು’ ಮಾತ್ರ ಅವರದ್ದು. ಆ ಪಟ್ಟಿಯಲ್ಲಿ ಮನೆ ಕಟ್ಟೋ ಹಾಗಿಲ್ಲ, ಬಾವಿ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ. ತಕರಾರಿದ್ದರೆ ಅಧಿಸೂಚನೆ ಬಂದ 21 ದಿನದೊಳಗೆ ಹೇಳಬೇಕು. ಬೆಳೆ, ಮರಗಳ ನಷ್ಟ ಬಿಟ್ಟರೆ ನೆಲಕ್ಕೆ ಸಿಗುವುದು ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತು. ಅಪ್ಪ ಚೆಕ್ ತಗೊಂಡು ಬಂದು ಸುಮ್ಮನೆ ಕೂತಿದ್ದರು. ಬದುವಿನ ಹಲಸಿನ ಮರ ಹೋಗಿತ್ತು. ಕೆನಡಾದ ಕತೆಯಲ್ಲಿ ಒಡೆಯ ಯಾರು ಅಂತಲೇ ಇತ್ಯರ್ಥ ಆಗಿರಲಿಲ್ಲ. ನಮ್ಮಲ್ಲಿ ಒಡೆಯ ಯಾರು ಅಂತ ಗೊತ್ತಿತ್ತು, ಅವರನ್ನು ಕೇಳುವ ಪದ್ಧತಿ ಇರಲಿಲ್ಲ.

ಸರಿ, ಬರ್ಜರ್ ಹೇಳಿದ ಆ ಹತ್ತು ವರ್ಷದಲ್ಲಿ ಏನಾಯಿತು? ಹತ್ತಲ್ಲ, ಇಪ್ಪತ್ತು ಹಿಡಿಯಿತು. 1984ರಲ್ಲಿ ಕರಾವಳಿಯ ಇನುವಿಯಾಲುಯಿಟ್ ಜನರ ಒಪ್ಪಂದ ಆಯಿತು. 1992ರಲ್ಲಿ ಗ್ವಿಚಿನ್, ಮರುವರ್ಷ ಸಾಹ್ಟು. ಒಬ್ಬೊಬ್ಬರಿಗೂ ಇಷ್ಟು ಚದರ ಕಿಲೋಮೀಟರು ನಿಮ್ಮ ಸ್ವಂತದ್ದು ಅಂತ ಕಾಗದದಲ್ಲಿ ಬಂತು. ಉತ್ತರ ಯುಕಾನ್‌ನ ಕ್ಯಾರಿಬೂ ನೆಲ 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಈಗ ಅದರ ಹೆಸರು ಇವ್ವಾವಿಕ್.

ಆಮೇಲೆ ನಡೆದದ್ದು ಯಾರೂ ಊಹಿಸದ ಮಾತು. 2000ದಲ್ಲಿ ಅದೇ ಮೂಲನಿವಾಸಿಗಳು ‘ಅಬಾರಿಜಿನಲ್ ಪೈಪ್‌ಲೈನ್ ಗ್ರೂಪ್’ ಅಂತ ಕಂಪನಿ ಕಟ್ಟಿಕೊಂಡರು. ಪೈಪ್‌ಲೈನ್ ತಡೆಯಲಿಕ್ಕಲ್ಲ, ಕೊಳ್ಳಲಿಕ್ಕೆ. ಎಪ್ಪತ್ತರ ದಶಕದಲ್ಲಿ ವಿರೋಧದ ಮುಂಚೂಣಿಯಲ್ಲಿದ್ದ, ಅದೇ ಫೋರ್ಟ್ ಗುಡ್ ಹೋಪ್‌ನ ಸ್ಟೀಫನ್ ಕಾಕ್ವಿ ಈಗ ವಾಯವ್ಯ ಪ್ರಾಂತ್ಯದ ಪ್ರೀಮಿಯರ್, ಪೈಪ್‌ಲೈನ್ ಪರ. ಆಗ ಇನುವಿಯಾಲುಯಿಟ್ ಹಕ್ಕಿಗಾಗಿ ಹೋರಾಡಿದ ನೆಲ್ಲಿ ಕುರ್ನೋಯೆ ಕೂಡ ಪರ. ಪಕ್ಷ ಬದಲಿಸಿದರು ಅಂತ ಬೈದವರೂ ಇದ್ದರು. ನನಗೇನೋ ಅದು ಹಾಗೆ ಕಾಣಲಿಲ್ಲ. ‘ಬೇಡ’ ಅನ್ನುವ ಅಧಿಕಾರ ಕೈಗೆ ಬಂದ ಮೇಲೆ ತಾನೇ ‘ಆಗಲಿ’ ಅನ್ನುವ ಮಾತಿಗೆ ಬೆಲೆ?

2003ರ ಒಪ್ಪಂದದಲ್ಲಿ ಈ ಗುಂಪಿಗೆ ಪೈಪ್‌ಲೈನ್‌ನ ಮೂರನೇ ಒಂದು ಪಾಲು ಅಂತಾಯಿತು. ಜತೆಗಿದ್ದವರು ಇಂಪೀರಿಯಲ್, ಶೆಲ್, ಕೊನೊಕೊಫಿಲಿಪ್ಸ್‌ನಂಥ ಕಂಪನಿಗಳು. ಗುಂಪಿನ ಹತ್ತಿರ ಬಂಡವಾಳ ಇರಲಿಲ್ಲ, ಟ್ರಾನ್ಸ್‌ಕೆನಡಾ ಕಂಪನಿ 8 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ಆದರೆ ದಾರಿಯ ದೊಡ್ಡ ಭಾಗ ಇದ್ದದ್ದು ಡೆಹ್ಚೊ ಪ್ರದೇಶದಲ್ಲಿ. ಅಲ್ಲಿನವರ ನೆಲದ ಹಕ್ಕು ಇನ್ನೂ ಇತ್ಯರ್ಥ ಆಗಿರಲಿಲ್ಲ, ಅವರು ಗುಂಪಿಗೆ ಸೇರಲಿಲ್ಲ. 2004ರಲ್ಲಿ ಅರ್ಜಿ, 2009ರ ಕೊನೆಗೆ ಪರಿಶೀಲನಾ ಸಮಿತಿಯ ವರದಿ, 2011ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ. ಅಷ್ಟೊತ್ತಿಗೆ ಅಂದಾಜು ವೆಚ್ಚ 1,620 ಕೋಟಿ ಡಾಲರಿಗೆ ಏರಿತ್ತು, ಅಮೆರಿಕದಲ್ಲಿ ಶೇಲ್ ಗ್ಯಾಸ್ ಉಕ್ಕಿ ಗ್ಯಾಸ್ ಬೆಲೆ ಬಿದ್ದಿತ್ತು. 2017ರ ಡಿಸೆಂಬರಿನಲ್ಲಿ ಕಂಪನಿಗಳು ಯೋಜನೆ ಕೈಬಿಟ್ಟವು.

ಈ ಕತೆಯನ್ನು ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಮೂರನೇ ಒಂದು ಪಾಲು ಅಂದಾಗ ಎಲೆ ಅಡಿಕೆ ಮೆಲ್ಲೋದು ನಿಲ್ಲಿಸಿ ನನ್ನ ಮುಖ ನೋಡಿದರು.

‘ಆಮ್ಯಾಕೆ? ಲೈನ್ ಬಂತಾ?’

‘ಇಲ್ಲಪ್ಪ, ಬರ್ಲಿಲ್ಲ. ರೇಟ್ ಬಿದ್ದೋಯ್ತು.’

‘ನಮ್ದು ಬಂತು, ಪಾಲಿಲ್ಲ. ಅವ್ರಿಗೆ ಪಾಲಿತ್ತು, ಲೈನ್ ಬರ್ಲಿಲ್ಲ,’ ಅಂತ ನಕ್ಕರು.

ಹಾಗಂತ ಕೆನಡಾದಲ್ಲಿ ಎಲ್ಲಾ ಕಡೆ ಪಾಲುದಾರಿಕೆ ಬಂತು ಅಂದುಕೊಳ್ಳಬೇಡಿ. 2020ರ ಫೆಬ್ರವರಿಯ ಸುದ್ದಿ ನಿಮಗೆ ನೆನಪಿರಬಹುದು, ಕೊರೊನಾಕ್ಕೆ ಸ್ವಲ್ಪ ಮುಂಚೆ ಕೆನಡಾದ ರೈಲುಗಳು ವಾರಗಟ್ಟಲೆ ನಿಂತಿದ್ದವು. ಅದಕ್ಕೆ ಕಾರಣ ಕೋಸ್ಟಲ್ ಗ್ಯಾಸ್‌ಲಿಂಕ್ ಎಂಬ ಪೈಪ್‌ಲೈನ್. ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್ ಕಡೆಯಿಂದ ಕಿಟಿಮ್ಯಾಟ್ ಬಂದರಿಗೆ 670 ಕಿಲೋಮೀಟರ್. ದಾರಿಯುದ್ದಕ್ಕೂ ಇರುವ 20 ಮೂಲನಿವಾಸಿ ಸಮುದಾಯಗಳ ಚುನಾಯಿತ ಮಂಡಳಿಗಳು ಸಹಿ ಹಾಕಿದ್ದವು. ಕಂಪನಿಯ ಫೈಲು ಪಕ್ಕಾ. ಆದರೂ ವೆಟ್ಸುವೆಟೆನ್ ಜನರ ವಂಶಪಾರಂಪರ್ಯ ಮುಖ್ಯಸ್ಥರು ಬೇಡ ಅಂದರು.

ಚುನಾಯಿತ ಮಂಡಳಿಗಳನ್ನು ಹುಟ್ಟಿಸಿದ್ದು ಸರ್ಕಾರದ ಇಂಡಿಯನ್ ಆಕ್ಟ್. ಅವುಗಳ ಅಧಿಕಾರ ರಿಸರ್ವ್ ಅನ್ನುವ ಸಣ್ಣ ಸಣ್ಣ ತುಂಡು ನೆಲದ ಮೇಲೆ. ಅದರಾಚೆಗೆ 22,000 ಚದರ ಕಿಲೋಮೀಟರ್ ಹರಡಿದ ಹಳೆಯ ನಾಡು ಐದು ಕುಲ, ಹದಿಮೂರು ಮನೆತನಗಳ ಮುಖ್ಯಸ್ಥರ ಜವಾಬ್ದಾರಿ. ಆ ಪಟ್ಟ ತಾಯಿಯ ಕಡೆಯಿಂದ ಬರುತ್ತೆ, ನಮ್ಮ ತುಳುನಾಡಿನ ಅಳಿಯಸಂತಾನ ಕಟ್ಟಿನ ಹಾಗೆ. ಪಂಚಾಯ್ತಿ ಮೆಂಬರಿಗೂ ಊರ ಗೌಡರಿಗೂ ಜಗಳ ಅಂತ ಸಲೀಸಾಗಿ ಹೇಳಿಬಿಡಬಹುದು, ಆದರೆ ಅದು ಸರಿಯಾಗೋದಿಲ್ಲ. ನಮ್ಮ ಗೌಡಿಕೆಯ ಕತೆ ಬೇರೆ, ಅದರ ಪಾಪದ ಲೆಕ್ಕವೂ ಬೇರೆ. ವೆಟ್ಸುವೆಟೆನ್ ಒಳಗೂ ಒಮ್ಮತ ಇರಲಿಲ್ಲ. ಪೈಪ್‌ಲೈನ್ ಪರ ನಿಂತ ಕೆಲವು ಮಹಿಳೆಯರ ಪಟ್ಟವನ್ನೇ ಕಸಿದುಕೊಂಡ ಘಟನೆಯೂ ನಡೆದಿದೆ.

ಇವರ ಹಕ್ಕು ಇತ್ಯರ್ಥ ಆಗಿರಲಿಲ್ಲ ಅನ್ನೋದೇ ಗಂಟು. ಪಕ್ಕದ ಗಿಟ್ಕ್ಸನ್ ಜನರ ಜತೆ ಸೇರಿ ಇವರು 1984ರಲ್ಲೇ ದಾವೆ ಹೂಡಿದ್ದರು. ಡೆಲ್ಗಮೂಕ್ ಕೇಸು ಅಂತ ಅದರ ಹೆಸರು. ಮೂರು ವರ್ಷ ವಿಚಾರಣೆ. ಅವರ ಹತ್ತಿರ ಪಹಣಿ, ಖಾತೆ ಇರಲಿಲ್ಲ. ಯಾವ ಬೆಟ್ಟ ಯಾವ ಮನೆತನದ್ದು ಅಂತ ಹೇಳುವ ಹಾಡುಗಳಿದ್ದವು. ಮೇರಿ ಜಾನ್ಸನ್ ಎಂಬ ಗಿಟ್ಕ್ಸನ್ ಅಜ್ಜಿ ಕೋರ್ಟಿನಲ್ಲಿ ಅಂಥದೊಂದು ಹಾಡು ಹಾಡಲು ಹೊರಟಾಗ ಜಡ್ಜ್ ಅಲನ್ ಮೆಕೆಕರ್ನ್, ನನ್ನದು ತಗಡಿನ ಕಿವಿ, ಹಾಡಿ ಪ್ರಯೋಜನವಿಲ್ಲ ಅನ್ನುವ ಅರ್ಥದ ಮಾತಾಡಿದರು. ಅಜ್ಜಿ ಹಾಡಿದರು. 1991ರಲ್ಲಿ ಜಡ್ಜು ಕೇಸು ವಜಾ ಮಾಡಿದರು. 1997ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಬಾಯಿಮಾತಿನ ಚರಿತ್ರೆಗೂ ಸಾಕ್ಷ್ಯದ ತೂಕ ಕೊಡಬೇಕು ಅಂದಿತು. ಮೂಲನಿವಾಸಿಗಳ ಹಕ್ಕು ಜೀವಂತ ಇದೆ ಅಂತಲೂ ಒಪ್ಪಿತು. ಈ ಕೇಸಿನ ನೆಲದ ಬಗ್ಗೆ ಮಾತ್ರ ಮತ್ತೆ ವಿಚಾರಣೆ ನಡೆಯಲಿ ಅಂದಿತು. ಆ ಮರುವಿಚಾರಣೆ ನಡೆಯಲೇ ಇಲ್ಲ. ಇಪ್ಪತ್ತು ವರ್ಷ ಕಡತ ಹಾಗೇ ಬಿತ್ತು. ನಂತರ ಪೈಪ್‌ಲೈನ್ ಬಂತು, ಕೋರ್ಟಿನ ತಡೆಯಾಜ್ಞೆ ಹಿಡಿದುಕೊಂಡು ಪೊಲೀಸರೂ ಬಂದರು. 2019ರ ಜನವರಿಯಲ್ಲಿ ಹದಿನಾಲ್ಕು ಜನರ ಬಂಧನ. 2020ರಲ್ಲಿ ಮತ್ತೆ. ಅದನ್ನು ವಿರೋಧಿಸಿ ಸಾವಿರಾರು ಕಿಲೋಮೀಟರ್ ದೂರದ ಮೊಹಾಕ್ ಜನ ರೈಲು ಹಳಿಯ ಪಕ್ಕ ಕೂತರು.

ಪೈಪ್‌ಲೈನ್ ಮುಗಿಯಿತು. 620 ಕೋಟಿ ಡಾಲರ್ ಅಂದದ್ದು 1,450 ಕೋಟಿ ಆಯಿತು. 2022ರಲ್ಲಿ ಕಂಪನಿ, ದಾರಿಯ ಸಮುದಾಯಗಳು ಬೇಕಿದ್ದರೆ ಶೇ. 10 ಪಾಲು ಕೊಳ್ಳಬಹುದು ಅಂತ ಒಪ್ಪಂದ ಮಾಡಿಕೊಂಡಿತು. 2025ರ ಜೂನ್ ಕೊನೆಗೆ ಕಿಟಿಮ್ಯಾಟ್‌ನಿಂದ ದ್ರವೀಕೃತ ಗ್ಯಾಸ್ ತುಂಬಿದ ಮೊದಲ ಹಡಗು ಏಷ್ಯಾದ ಕಡೆ ಹೊರಟಿತು. ಅದೇ ಕಿಟಿಮ್ಯಾಟ್‌ನಲ್ಲಿ ಹೈಸ್ಲಾ ಎಂಬ ಸಮುದಾಯ ಸೀಡರ್ ಎಲ್‌ಎನ್‌ಜಿ ಎಂಬ ಇನ್ನೊಂದು ಘಟಕ ಕಟ್ಟುತ್ತಿದೆ. ಅದರಲ್ಲಿ ಹೈಸ್ಲಾ ಪಾಲು ಶೇ. 50.1. ಆ 0.1ಕ್ಕೆ ಎಷ್ಟು ಬೆಲೆ ಅಂತ ಸ್ಟಾರ್ಟಪ್‌ನಲ್ಲಿ ಶೇರು ಎಣಿಸಿದವರನ್ನು ಕೇಳಿ.

ಇನ್ನು ನಿಸ್ಗಾ. ಬರ್ಜರ್ ಸೋತ ಕೇಸಿನ ಕಕ್ಷಿದಾರರು. 2000ದ ಮೇ ತಿಂಗಳಲ್ಲಿ ಅವರ ಒಪ್ಪಂದ ಜಾರಿಗೆ ಬಂತು, ನಾಸ್ ಕಣಿವೆಯ ಸುಮಾರು 2,000 ಚದರ ಕಿಲೋಮೀಟರ್ ಅವರ ಸ್ವಂತ, ಅಲ್ಲಿ ಅವರದೇ ಸರ್ಕಾರ. ವಿಕ್ಟೋರಿಯಾದಿಂದ ಬರಿಗೈಲಿ ವಾಪಸ್ ಬಂದು ನೂರಾ ಹದಿಮೂರು ವರ್ಷ ಆಗಿತ್ತು. ಬರ್ಜರ್ 2021ರಲ್ಲಿ ತೀರಿಕೊಂಡರು. 2024ರಲ್ಲಿ ನಿಸ್ಗಾ ಜನ ಅಮೆರಿಕದ ಒಂದು ಕಂಪನಿಯ ಜತೆ ಸೇರಿ ಪ್ರಿನ್ಸ್ ರೂಪರ್ಟ್ ಗ್ಯಾಸ್ ಟ್ರಾನ್ಸ್‌ಮಿಷನ್ ಎಂಬ ಇಡೀ ಪೈಪ್‌ಲೈನ್ ಯೋಜನೆಯನ್ನೇ ಕೊಂಡರು. ಈಗ ಅವರು ಪಾಲುದಾರರಲ್ಲ, ಮಾಲೀಕರು. ಆ ಆಗಸ್ಟ್‌ನಲ್ಲಿ ನಿಸ್ಗಾ ನೆಲದಲ್ಲಿ ಕೆಲಸ ಶುರುವಾಯಿತು.

ಅದೇ ಆಗಸ್ಟ್‌ನಲ್ಲಿ, ಪಕ್ಕದ ಗಿಟಾನ್ಯೊ ಸಮುದಾಯದ ವಂಶಪಾರಂಪರ್ಯ ಮುಖ್ಯಸ್ಥರು ಆ ಕೆಲಸಕ್ಕೆ ಲಾರಿಗಳು ಹೋಗುವ ರಸ್ತೆಗೆ ಅಡ್ಡ ನಿಂತರು. ಇದು ನಮ್ಮ ನೆಲ, ನಮ್ಮನ್ನು ಕೇಳದೆ ದಾಟಬೇಡಿ ಅಂತ. ಲಾರಿಗಳು ಹೊರಟಿದ್ದು ನಿಸ್ಗಾದವರ ಕೆಲಸಕ್ಕೆ.